ನಾಲ್ಕನೆಯ ಪಾದ

ದೀರ್ಘರೋಗದಿಂದ ಪೀಡಿತರಾದ ಮಕ್ಕಳ ವಿಷಯದಲ್ಲಿ ನಮ್ಮ ಧರ್ಮವೇನೆಂದು ಕೇಳಿದರೆ, ದಯೆಯೆಂದು ಯಾರಾದರೂ ಒಡನೆಯೇ ಉತ್ತರ ಕೊಟ್ಟಾರು. ದಯೆಯು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೊಂದೇ ಸಾಲುವುದೆ? ಅದೇ ಒಮ್ಮೊಮ್ಮೆ ಅನ್ಯಾಯವಾಗಿ ಪರಿಣಮಿಸಲಾರದೆ? ಈ ಸಂಶಯವನ್ನು ನನ್ನಲ್ಲಿ ಹುಟ್ಟಿಸಿದವನು ನನ್ನ ಶಿಷ್ಯನೊಬ್ಬನು.

ನಾನು ಉಪಾಧ್ಯಾಯನಾಗಿದ್ದಾಗ ಮಧುಮೇಹಪೀಡಿತನಾದ ಹನ್ನೊಂದು ವರ್ಷದ ಬಾಲಕನೊಬ್ಬನು ನನ್ನ ತರಗತಿಯಲ್ಲಿದ್ದನು. ಮಧ್ಯಾಹ್ನದ ಊಟಕ್ಕೆ ಮುಂಚೆ ಅವನು ಶಾಲೆಯಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗಿದ್ದಿತು. ನಾನು ಮರುಕಗೊಂಡು ಅವನನ್ನು ಆಟಪಾಟಗಳಿಂದ ಬಿಡಿಸಿದೆನು, ಪ್ರವಾಸಕ್ಕೆ ಕರೆದೊಯ್ಯಲಿಲ್ಲ, ಉಳಿದ ಹುಡುಗರು ನೋಡಿಯಾರೆಂದು ಸಾಮಾನು ತುಂಬಿದ ಕೋಣೆಯ ಮರೆಯಲ್ಲಿ ಸೂಜಿಯ ಕಾರ್ಯವನ್ನು ಮುಗಿಸುವಂತೆ ಹೇಳಿದೆನು. ಒಂದು ದಿನ ಅವನು, "ನಾನೇನು ತಪ್ಪು ಮಾಡಿದೆ, ಮೇಷ್ಟ್ರೇ?" ಎಂದು ಕೇಳಿದನು. ನಾನು ನಿರುತ್ತರನಾದೆನು. ಅವನ ಪಾಲಿಗೆ ನನ್ನ ದಯೆಗೂ ಶಿಕ್ಷೆಗೂ ಭೇದವೇ ಇರಲಿಲ್ಲ.

ತಪ್ಪು ಅವನದಲ್ಲ, ತಾಯಿತಂದೆಗಳದೂ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ನನ್ನು ಉತ್ಪಾದಿಸುವ ಜೀವಕೋಶಗಳನ್ನು ನಾಶಮಾಡುವುದು. ಅದು ಸಿಹಿ ತಿಂದುದರಿಂದ ಬರುವುದಲ್ಲ, ಸಂಸರ್ಗದಿಂದ ಹರಡುವುದೂ ಅಲ್ಲ. ಹಿಂದೆ ಅದು ಮಕ್ಕಳಿಗೆ ಮೃತ್ಯುವೇ ಆಗಿದ್ದಿತು. 1922ನೆಯ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಇನ್ಸುಲಿನ್ ಚಿಕಿತ್ಸೆ ಮೊದಲಾಯಿತು. ಮರಣೋನ್ಮುಖನಾಗಿದ್ದವನು ಚೇತರಿಸಿಕೊಂಡು ಮುಂದೆ 13 ವರ್ಷ ಬದುಕಿದನು. ಔಷಧವು ಹೀಗೆ ಪ್ರಾಣವನ್ನು ಉಳಿಸಿತು. ಉಳಿದ ಪ್ರಾಣಕ್ಕೆ ಬಾಳನ್ನು ಕೊಡಬೇಕಾದವರು ನಾವು.

ಪಾಠಶಾಲೆಯಲ್ಲಿ ಓದಿದ್ದ ಚರಕಸಂಹಿತೆಯ ವಿಚಾರವೊಂದು ಆಗ ನೆನಪಿಗೆ ಬಂದಿತು. ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ನಾಲ್ಕು ಪಾದಗಳು. ರೋಗಿಯು ಚಿಕಿತ್ಸೆಯ ವಿಷಯ ಮಾತ್ರವಲ್ಲ, ಅದರ ಅಂಗವೇ ಆಗಿರುವನು. ಅವನಿಗೂ ನಾಲ್ಕು ಗುಣಗಳಿರಬೇಕು: ಸ್ಮರಣೆ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ. ಮರೆಯಲ್ಲಿರಿಸಿದ ಬಾಲಕನು ಕಲಿಯುವುದಾದರೂ ಏನನ್ನು? ಭಯವನ್ನು ಮತ್ತು ಮೌನವನ್ನು. ಎಂದರೆ ಈ ನಾಲ್ಕರಲ್ಲಿ ಎರಡು ಗುಣಗಳನ್ನು ನಾನೇ ಕೆಡಿಸಿದ್ದೆನು.

ಆ ಮೌನವು ಅಪಾಯಕರವಾದುದು. ರಕ್ತದಲ್ಲಿ ಸಕ್ಕರೆಯು ತಟ್ಟನೆ ಕುಗ್ಗಿದರೆ ಬೆವರು, ನಡುಕ, ಬುದ್ಧಿಭ್ರಮಣೆಗಳು ತೋರುವುವು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಬಹುಮಟ್ಟಿಗೆ ಚೇತರಿಕೆಯುಂಟು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ವೈದ್ಯರಲ್ಲಿಗೆ ಒಯ್ಯಬೇಕು. ಬಚ್ಚಿಡುವುದನ್ನೇ ಕಲಿತ ಮಗುವು ಆ ಕ್ಷಣದಲ್ಲಿ ಬಾಯಿ ತೆರೆದೀತೆ?

ಹಾಗಾದರೆ ಎಲ್ಲ ಭಾರವನ್ನೂ ಮಗುವಿನ ಮೇಲೆಯೇ ಹೊರಿಸಬಹುದೆ ಎಂದು ಕೆಲವರು ಆಕ್ಷೇಪಿಸಬಹುದು. ಕೂಡದು. ನಿತ್ಯದ ನಿಯಮವು ಹಿರಿಯರಿಗೇ ಬೇಸರ ತರುವುದು; ತಾರುಣ್ಯದಲ್ಲಿ ಒಮ್ಮೆ ತಪ್ಪಿದರೆ ಗದರಿಸದೆ, ಜತೆಯಲ್ಲಿ ಕುಳಿತು ಕೈಹಿಡಿಯಬೇಕು. ವಯಸ್ಸಿಗೆ ತಕ್ಕಷ್ಟು ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು, ಬೇಕಾದಾಗ ಒದಗುವಷ್ಟು ಸಮೀಪದಲ್ಲಿರುವುದೇ ಆಸರೆ. ಮುಂದೆ ವಿವಾಹಕ್ಕೆ ವಿಘ್ನವಾದೀತೆಂದು ಮಗಳ ರೋಗವನ್ನು ಮುಚ್ಚಿಡುವ ಗೃಹಸ್ಥರೂ ಇದನ್ನು ವಿಚಾರಿಸಬೇಕೆಂದು ಬೇಡುವೆನು.

ಮರುವಾರ ಆ ಬಾಲಕನು ಎಲ್ಲರೊಡನೆ ಕಬಡ್ಡಿ ಆಡಿದನು. ನಾನು ಸಕ್ಕರೆಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಅಂಗಳದ ಅಂಚಿನಲ್ಲಿ ನಿಂತಿದ್ದೆನು. ಅಂದು ಅದು ಬೇಕಾಗಲಿಲ್ಲ.