ರಂಗಪ್ಪ ಯಾರಿಗೆ ಭಾವ?

ಬಿಳಿಗಿರಿರಂಗನ ಬೆಟ್ಟಕ್ಕೆ ಬರುವ ಭಕ್ತರು ಸ್ವಾಮಿಯನ್ನು ತಂದೆ, ಒಡೆಯ, ಪ್ರಭು ಎಂದು ಬೇಡಿಕೊಳ್ಳುತ್ತಾರೆ. ಈ ಕಾಡಿನ ಸೋಲಿಗರು ಮಾತ್ರ ‘ಭಾವ’ ಅಂತಾರೆ. ಸ್ವಾಮಿಯು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂಬುದು ಅವರಲ್ಲಿ ನಡೆದು ಬಂದ ಕಥೆ. ಒಡೆಯನ ಮುಂದೆ ಕೈಕಟ್ಟಿ ನಿಲ್ಲಬೇಕು. ಭಾವನ ಹತ್ತಿರ ಸಲಿಗೆ ಉಂಟು, ಜಗಳವೂ ಉಂಟು. ಆದರೆ ಭಾವನ ಮನೆಯನ್ನು ಯಾರಾದರೂ ಬರಿದು ಮಾಡುತ್ತಾರೆಯೇ? ಅದು ಕೊಟ್ಟ ಹೆಣ್ಣಿನ ಮನೆಯೂ ಹೌದಲ್ಲ!

ನಾಡಿನವರ ಮಾತೇ ಬೇರೆ. ಹುರುಳಿಲ್ಲದ್ದು ‘ಕಾಡುಹರಟೆ’, ನಯವಿಲ್ಲದವನು ‘ಕಾಡುಮನುಷ್ಯ’. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂಬ ಗಾದೆಯಲ್ಲಿ ಕಾಡು ಅಂದರೆ ಸುಡುಗಾಡು. ಹೀಗೆ ಮಾತನಾಡಿ ಅಭ್ಯಾಸವಾದ ನಾಲಿಗೆಗೆ ಕಾಡು ಖಾಲಿ ಜಾಗವಾಗಿಯೇ ಕಾಣುತ್ತದೆ.

ಸೋಲಿಗರಿಗೆ ಅದು ಖಾಲಿಯಲ್ಲ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಯೆಲ್ಲೆ’. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಎಂದರೆ ಹರಿಯುವ ನೀರು, ಅದೂ ಪೂಜೆಗೆ ಸೇರಿದ್ದು. ಭಾರ್ಗವಿ ಹೊಳೆಯ ಬಳಿ ನಿಂತಿರುವ ದೊಡ್ಡ ಸಂಪಿಗೆ ಮರ ದೇವರ ಗುರುತಲ್ಲ, ದೇವರೇ. ಇದನ್ನು ಅರಿಯದವರ ನಂಬಿಕೆ ಎನ್ನುವವರು ಗೀತೆಯ 10ನೆಯ ಅಧ್ಯಾಯ ನೋಡಬೇಕು. ಮರಗಳಲ್ಲಿ ಅಶ್ವತ್ಥ ತಾನೆಂದೂ, ನದಿಗಳಲ್ಲಿ ಗಂಗೆ ತಾನೆಂದೂ ಭಗವಂತ ಹೇಳುತ್ತಾನೆ. ಮರ ನನ್ನ ಆಸ್ತಿ ಎಂದು ಹೇಳಲಿಲ್ಲ.

ಕಚೇರಿಯ ಕಾಗದದಲ್ಲಿ ಜೇನು, ನೆಲ್ಲಿ, ಪಾಚಿ ಎಲ್ಲವೂ ‘ಕಿರು ಅರಣ್ಯ ಉತ್ಪನ್ನ’. ಅದನ್ನೇ ನಂಬಿ ಬದುಕುವವರಿಗೆ ಅದು ಹೇಗೆ ಕಿರಿದಾಯಿತೋ! ಬೆಂಕಿಯ ವಿಷಯವಂತೂ ಇನ್ನೂ ದೊಡ್ಡದು. ಬೇಸಿಗೆ ಬಲಿಯುವ ಮುನ್ನ ಒಣಗಿದೆಲೆಗೆ ಹಚ್ಚುವ ಸಣ್ಣ ಬೆಂಕಿಗೆ ಸೋಲಿಗರು ‘ತರಗು ಬೆಂಕಿ’ ಅಂತಾರೆ. ಅದು ನೆಲ ಸವರಿಕೊಂಡು ಹೋಗಿ ಆರುತ್ತದೆ. ಕಚೇರಿಗೆ ಅದೂ ಕಾಡ್ಗಿಚ್ಚೇ. 1974ರಲ್ಲಿ ಇದು ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ‘ಉಪ್ಪಿಲು’ ಎಂಬ ಬಂದಳಿಕೆ ಹತ್ತಿತು ಎನ್ನುತ್ತಾರೆ ಹಿರಿಯ ಸೋಲಿಗರು. ಸಂಶೋಧಕರೂ ಈ ಮಾತನ್ನು ತಳ್ಳಿಹಾಕದೆ ಅಧ್ಯಯನ ಮಾಡಿದ್ದಾರೆ. (ಇದನ್ನು ಓದಿ ಯಾರೂ ದಾರಿಯಲ್ಲಿ ಬೀಡಿ ಬೆಂಕಿ ಎಸೆಯಬಾರದು. ಬೆಂಕಿಗೂ ಕಾಲ ಉಂಟು, ಅದು ತಿಳಿದವರ ಕೈ ಬೇಕು.)

‘ಅಭಯ’ ಎಂಬುದು ದೇವರ ಕೈಯ ಮುದ್ರೆ. ಆ ಹೆಸರು ಬಂದ ಮೇಲೆ ಕಾಡಿನೊಳಗೆ ಚದುರಿದ್ದ ಸೋಲಿಗರು ತಮ್ಮ ನೆಲೆ ಬಿಟ್ಟು ಪೋಡುಗಳಿಗೆ ಬರಬೇಕಾಯಿತು. ಹೆಸರಿನಲ್ಲಿದ್ದ ಅಭಯ ಅವರ ಪಾಲಿಗೆ ಬರಲು ಬಹಳ ವರ್ಷ ಹಿಡಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಅನೇಕ ಪೋಡುಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.

ದೇವಸ್ಥಾನದಲ್ಲಿ ಸ್ವಾಮಿಗೆ ಅರ್ಪಿಸಿದ ದೊಡ್ಡ ಚರ್ಮದ ಪಾದುಕೆಗಳನ್ನು ಭಕ್ತರು ಕಂಡಿರುತ್ತಾರೆ. ರಂಗಪ್ಪ ರಾತ್ರಿ ಹೊತ್ತು ಅವನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಅದಕ್ಕೇ ಅವು ಸವೆಯುತ್ತವೆ ಎಂಬುದು ನಂಬಿಕೆ. ಬಸ್ಸಿನ ಕಿಟಕಿಯಿಂದ ನೀರಿನ ಬಾಟಲಿ ಬೀಳುವುದೂ ಅದೇ ದಾರಿಯಲ್ಲಿ.