ಎತ್ತರ ಬಿಟ್ಟುಕೊಡುವ ಅಭ್ಯಾಸ

ಯಲಹಂಕದಿಂದ ಹೆಬ್ಬಾಳದ ಕಡೆಗೆ ಬರುವಾಗ ಎಡಗಡೆಗೆ ಜಕ್ಕೂರು ವಿಮಾನ ನಿಲ್ದಾಣವಿದೆ. 1949ರಲ್ಲಿ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಇಲ್ಲಿಯೇ. ಪೈಲಟ್ ಆಗಬಯಸುವ ಪ್ರತಿಯೊಬ್ಬರೂ ಕಲಿಯಲೇಬೇಕಾದ ಪಾಠಗಳಲ್ಲಿ ನಿಧಾನಗತಿಯ ಹಾರಾಟವೂ ಒಂದು. ನಿಧಾನವಾಗಿ ಹಾರುವುದರಲ್ಲಿ ಕಷ್ಟವೇನಿದೆ ಎಂದು ನೀವು ಕೇಳಬಹುದು.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ವೇಗ ತಗ್ಗಿದಂತೆ ಆ ಆಸರೆಯೂ ತಗ್ಗುತ್ತದೆ. ಅದನ್ನು ಸರಿದೂಗಿಸಲು ಪೈಲಟ್ ವಿಮಾನದ ಮೂತಿಯನ್ನು ಮೇಲೆತ್ತುತ್ತಾನೆ. ಇದಕ್ಕೊಂದು ಮಿತಿಯಿದೆ. ಮಿತಿ ಮೀರಿದರೆ ಗಾಳಿಯು ರೆಕ್ಕೆಯ ಮೈ ಬಿಟ್ಟು ಚದುರುತ್ತದೆ, ವಿಮಾನ ಕುಸಿಯತೊಡಗುತ್ತದೆ. ಇದಕ್ಕೆ 'ಸ್ಟಾಲ್' ಎಂದು ಹೆಸರು. ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರುವ ಸೆಸ್ನಾ 172 ಎಂಬ ಪುಟ್ಟ ವಿಮಾನಕ್ಕೆ ವೇಗ ಸುಮಾರು 90ಕ್ಕೆ ಇಳಿದಾಗ ಈ ಅಪಾಯ ಎದುರಾಗುತ್ತದೆ. ಆ ಅಂಚಿನಲ್ಲಿ ಹಿಡಿತ ಸಡಿಲವಾಗುತ್ತದೆ, ಎಚ್ಚರಿಕೆಯ ಸದ್ದು ಮೊಳಗುತ್ತದೆ. ಬೀಳುತ್ತಿದ್ದೇನೆ ಎಂದು ಹೆದರಿದ ಕೈ ಮೂತಿಯನ್ನು ಇನ್ನಷ್ಟು ಮೇಲೆತ್ತಲು ಹವಣಿಸುತ್ತದೆ. ಎತ್ತಿದರೆ ಪತನ ಖಚಿತ. ಮೂತಿಯನ್ನು ತಗ್ಗಿಸಬೇಕು, ಒಂದಿಷ್ಟು ಎತ್ತರವನ್ನು ಬಿಟ್ಟುಕೊಡಬೇಕು. ಆಗ ವೇಗ ಮರಳುತ್ತದೆ, ವಿಮಾನ ಉಳಿಯುತ್ತದೆ.

ಇಂಥ ಪಾಠವನ್ನು ನೆಲದ ಮೇಲೆಯೇ ಅಭ್ಯಾಸ ಮಾಡಲು ಸಿಮ್ಯುಲೇಟರ್ ಎಂಬ ಕೃತಕ ವಿಮಾನವಿದೆ. 1929ರಲ್ಲಿ ಇದರ ಮೊದಲ ಯಶಸ್ವಿ ಮಾದರಿಯೊಂದನ್ನು ಕಟ್ಟಿದ ಅಮೆರಿಕದ ಎಡ್ವಿನ್ ಲಿಂಕ್, ಪಿಯಾನೊ ಮತ್ತು ಆರ್ಗನ್ ತಯಾರಿಸುವವರ ಮಗ. ಆರ್ಗನ್ನಿಗೆ ಗಾಳಿ ಒದಗಿಸುವಂಥ ತಿದಿಗಳಿಂದಲೇ ಅವನು ತನ್ನ ಯಂತ್ರವನ್ನು ಓಲಾಡಿಸಿದ. ಅದರಲ್ಲಿ ಬಿದ್ದರೂ ಯಾರೂ ಸಾಯುವುದಿಲ್ಲ. ಹಾಗಾದರೆ ಪ್ರಾಣಭಯವಿಲ್ಲದ ಅಭ್ಯಾಸ ನಿಜವಾದ ಸಂಕಟದಲ್ಲಿ ನೆರವಿಗೆ ಬರುವುದೇ?

ಬರುತ್ತದೆ, ಆದರೆ ಏನನ್ನು ಅಭ್ಯಾಸ ಮಾಡಿದ್ದೇವೆ ಎಂಬುದರ ಮೇಲೆ. 2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ಗೊಂದಲಗೊಂಡ ಪೈಲಟ್ ಮೂತಿಯನ್ನು ಮೇಲೆತ್ತಿದರು. ಎಚ್ಚರಿಕೆಯ ಸದ್ದು ಮತ್ತೆ ಮತ್ತೆ ಕೇಳಿದರೂ ಎತ್ತುತ್ತಲೇ ಇದ್ದರು. ಸುಮಾರು ಮೂರೂವರೆ ನಿಮಿಷಗಳಲ್ಲಿ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಮೃತರಾದರು. ಅವರನ್ನು ದೂಷಿಸುವುದು ಸುಲಭ. ಆದರೆ ಅಷ್ಟು ಎತ್ತರದಲ್ಲಿ ಸ್ಟಾಲ್‌ನಿಂದ ಪಾರಾಗುವ ಅಭ್ಯಾಸವನ್ನು ಅವರಿಗೆ ಮಾಡಿಸಿರಲಿಲ್ಲ. ಅಂದಿನ ತರಬೇತಿಯಲ್ಲಿ ಅನೇಕ ಕಡೆ ಎತ್ತರವನ್ನು ಆದಷ್ಟು ಕಡಿಮೆ ಕಳೆದುಕೊಳ್ಳುವವನೇ ಜಾಣನೆನಿಸುತ್ತಿದ್ದ. ಬಳಿಕ ಪಾಠ ಬದಲಾಯಿತು: ಮೊದಲು ಮೂತಿ ತಗ್ಗಿಸು, ಎತ್ತರದ ಚಿಂತೆ ಆಮೇಲೆ. ವಿಮಾನ ಕಂಪನಿಗಳ ಪೈಲಟ್‌ಗಳು ಪೂರ್ಣ ಸ್ಟಾಲ್‌ನಿಂದ ಪಾರಾಗುವುದನ್ನು ಸಿಮ್ಯುಲೇಟರಿನಲ್ಲಿ ಕಲಿಯಬೇಕೆಂದು 2013ರಲ್ಲಿ ಅಮೆರಿಕ ನಿಯಮ ಮಾಡಿತು.

ಪ್ರಿಯ ವಾಚಕರೇ, ನಮ್ಮ ಮನೆಗಳಲ್ಲಿ ನಾವು ಯಾವ ಅಭ್ಯಾಸ ಮಾಡುತ್ತಿದ್ದೇವೆ? ಆಸ್ತಿ ಪಾಲಿನ ಮಾತಿಗೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಬೆಳೆದ ಮಗ, ತಂದೆ ಒಂದೇ ಸೂರಿನಡಿ ಮೌನವಾಗಿ ಊಟ ಮಾಡುತ್ತಾರೆ. "ನಾನೇಕೆ ಮೊದಲು ಮಾತನಾಡಿಸಲಿ?" ಎಂದು ಇಬ್ಬರೂ ತಲೆ ಎತ್ತಿಕೊಂಡೇ ಇರುತ್ತಾರೆ. ಸಂಬಂಧ ಕುಸಿಯುತ್ತಿರುವ ಸದ್ದು ಇಬ್ಬರಿಗೂ ಕೇಳಿಸುತ್ತಿರುತ್ತದೆ. ಆದರೂ ಕೈ ತಗ್ಗುವುದಿಲ್ಲ, ಏಕೆಂದರೆ ಚಿಕ್ಕಂದಿನಿಂದ ಕಲಿತದ್ದು ಮರ್ಯಾದೆ ಉಳಿಸಿಕೊಳ್ಳುವುದನ್ನು ಮಾತ್ರ.

ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರ. ತಗ್ಗುವುದೂ ಹಾಗೆಯೇ. ದೊಡ್ಡ ಗಳಿಗೆಯಲ್ಲಿ ಅದು ತಾನಾಗಿ ಬರುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ, ಬೇಡದ ಅನ್ಯಾಯಕ್ಕೆ ತಲೆಬಾಗುವುದು ಬೇರೆ. ಏಟು ತಿನ್ನುವವರಿಗೆ "ತಗ್ಗಿ ನಡೆ" ಎಂದು ಯಾರೂ ಬೋಧಿಸದಿರಲಿ. ಪೈಲಟ್ ಎತ್ತರ ಬಿಡುವುದು ಬೀಳಲಿಕ್ಕಲ್ಲ, ಎಲ್ಲರನ್ನೂ ಉಳಿಸಲಿಕ್ಕೆ.

ಒಂದು ವ್ಯತ್ಯಾಸವನ್ನು ಮರೆಯದಿರೋಣ. ಸಿಮ್ಯುಲೇಟರಿನಲ್ಲಿ ಗುಂಡಿ ಒತ್ತಿದರೆ ಎಲ್ಲವೂ ಮೊದಲಿನಿಂದ ಆರಂಭ. ಮನೆಯಲ್ಲಿ ನಮಗೆ ಸಣ್ಣದೆನಿಸುವ ಜಗಳವೂ ಅದನ್ನು ನೋಡುವ ಮಗುವಿಗೆ ನಿಜವೇ. ಅದಕ್ಕಾಗಿ ಸಣ್ಣ ಸಂಗತಿಗಳಲ್ಲೇ ಆರಂಭಿಸಿ. ಇಂದು ಸಂಜೆ ಸಾರಿನ ಉಪ್ಪಿನ ಬಗ್ಗೆ ಬಂದ ಮಾತಿನಲ್ಲಿ ನೀವೇ ಮೊದಲು ಸೋಲಿರಿ. ಮಕ್ಕಳೆದುರು ಒಮ್ಮೆ "ತಪ್ಪಾಯಿತು" ಎನ್ನಿ. ನಾಳೆ ದೊಡ್ಡ ಗಳಿಗೆ ಬಂದಾಗ ಕೈಗೆ ದಾರಿ ಗೊತ್ತಿರುತ್ತದೆ.