ಬೇರೆಯವರ ಮಗು, ನಮ್ಮ ಅಳತೆಗೋಲು

ಕಣ್ಣೆದುರು ಒಂದು ಮಗುವಿದೆ. ಅದರ ಬಣ್ಣ, ಭಾಷೆ, ಮನೆಯ ರೀತಿ-ರಿವಾಜು ಎಲ್ಲವೂ ನಮ್ಮದಕ್ಕಿಂತ ಭಿನ್ನ. ಅದು ಸುರಕ್ಷಿತವಾಗಿದೆಯೇ ಎಂದು ತೀರ್ಮಾನಿಸುವ ಹೊಣೆ ನಮ್ಮ ಮೇಲಿದೆ. ಯಾವ ಅಳತೆಗೋಲಿನಿಂದ ಅಳೆಯಬೇಕು? ಸಮಾಜಕಾರ್ಯವನ್ನು ಕಲಿಸುವವರೂ ಕಲಿಯುವವರೂ ಎದುರಿಸಲೇಬೇಕಾದ ಪ್ರಶ್ನೆಯಿದು.

ಕೆನಡಾದಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಸಾವಿರಾರು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ, ಹೆಚ್ಚಾಗಿ ಬಿಳಿಯರ ಮನೆಗಳಿಗೆ ಒಪ್ಪಿಸಲಾಯಿತು. ಇದನ್ನು ಮಾಡಿದವರು ಮಕ್ಕಳ ರಕ್ಷಣೆಗೆಂದೇ ನೇಮಕಗೊಂಡ ಸಮಾಜ ಕಾರ್ಯಕರ್ತರು. ಬಡತನ ಅವರಿಗೆ ನಿರ್ಲಕ್ಷ್ಯವಾಗಿ ಕಂಡಿತು. ಅಜ್ಜಿ, ಚಿಕ್ಕಮ್ಮಂದಿರೆಲ್ಲ ಸೇರಿ ಮಗುವನ್ನು ಬೆಳೆಸುವ ಪದ್ಧತಿ ತಾಯಿಯ ಹೊಣೆಗೇಡಿತನವಾಗಿ ಕಂಡಿತು. ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ಕುರಿತು ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ 94 ಕರೆಗಳನ್ನು ನೀಡಿತು. ಆ ಶಾಲೆಗಳ ಇತಿಹಾಸವನ್ನು ಸಮಾಜ ಕಾರ್ಯಕರ್ತರಿಗೆ ಕಲಿಸಬೇಕೆಂಬ ಮಾತು ಅದರ ಮೊದಲ ಕರೆಯಲ್ಲೇ ಇದೆ. ಆದರೂ 2021ರ ಜನಗಣತಿಯಂತೆ ಅಲ್ಲಿನ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7 ಮಾತ್ರ, ಸಾಕುಮನೆಗಳಲ್ಲಿರುವ ಮಕ್ಕಳಲ್ಲಿ ಶೇ. 53.8.

ಹಾಗಾದರೆ ಭಿನ್ನತೆಯನ್ನು ಗೌರವಿಸಿ ದೂರ ನಿಂತರೆ ಸಾಕೇ? ಲಂಡನ್‌ನಲ್ಲಿ ನಡೆದುದು ಬೇರೆಯೇ ಪಾಠ ಹೇಳುತ್ತದೆ. ಐವರಿ ಕೋಸ್ಟ್‌ನಿಂದ ಬಂದಿದ್ದ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ, ತನ್ನನ್ನು ಕರೆತಂದ ಬಂಧು ಮತ್ತು ಆಕೆಯ ಸಂಗಾತಿಯ ಚಿತ್ರಹಿಂಸೆಯಿಂದ 2000ದಲ್ಲಿ ಸತ್ತಳು. ಅವರೆದುರು ಆ ಹುಡುಗಿ ಸೆಟೆದು ನಿಲ್ಲುತ್ತಿದ್ದಳು. ಆಫ್ರೋ-ಕೆರಿಬಿಯನ್ ಕುಟುಂಬಗಳಲ್ಲಿ ಹಿರಿಯರಿಗೆ ತೋರುವ ಗೌರವವಿದು ಎಂದು ಕಾರ್ಯಕರ್ತೆ ಭಾವಿಸಿದರು. ತಮ್ಮ ಮನೆಯಲ್ಲಿ ಅಂತಹ ರೂಢಿಯೇ ಇರಲಿಲ್ಲವೆಂದು ಹೆತ್ತವರು ಹೇಳಿದರು. ಲಾರ್ಡ್ ಲೇಮಿಂಗ್ ಅವರ 2003ರ ವರದಿ ಇಡೀ ವ್ಯವಸ್ಥೆಯ ವೈಫಲ್ಯಗಳ ನಡುವೆ ಇದನ್ನೂ ದಾಖಲಿಸಿದೆ. ಭಯವನ್ನು ಸಂಸ್ಕೃತಿಯೆಂದು ಓದಿದಾಗ ಗೌರವವೂ ಕುರುಡಾಗುತ್ತದೆ.

ಒಂದೆಡೆ ಭಿನ್ನತೆಯನ್ನು ದೋಷವೆಂದರು, ಇನ್ನೊಂದೆಡೆ ನೋವನ್ನು ಭಿನ್ನತೆಯೆಂದರು. ತಪ್ಪುಗಳು ಎದುರುಬದುರು, ಬೇರು ಒಂದೇ. ಎರಡೂ ಕಡೆ ಉತ್ತರ ಮೊದಲೇ ಸಿದ್ಧವಾಗಿತ್ತು. ಮನುಷ್ಯರನ್ನು ಕೇಳಿ ತಿಳಿಯುವ ಕೆಲಸ ಬಾಕಿ ಉಳಿದಿತ್ತು.

'ಇಂತಹ ಜನಾಂಗದವರು ಹೀಗಿರುತ್ತಾರೆ' ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಶಿಕ್ಷಣವಲ್ಲ. ಅದು ಪೂರ್ವಗ್ರಹಕ್ಕೆ ಕೊಡುವ ಪ್ರಮಾಣಪತ್ರ. ವಿದ್ಯಾರ್ಥಿ ಮೊದಲು ತನ್ನ ಅಳತೆಗೋಲು ಎಲ್ಲಿಂದ ಬಂತೆಂದು ಪರೀಕ್ಷಿಸಿಕೊಳ್ಳಲಿ. ಆ ಬಳಿಕ ಮಗುವಿನ ಬಳಿ, ಅದರ ಭಾಷೆ ಬಲ್ಲವರೊಂದಿಗೆ ಕೂತು, ಅದು ಹೇಳುವುದನ್ನು ಕೇಳಲಿ. ಒಳ್ಳೆಯ ಮನಸ್ಸಿದ್ದರೆ ಸಾಕೆಂದು ನಾವು ನಂಬುತ್ತೇವೆ. ಆ ನಂಬಿಕೆಗೆ ಬೆಲೆ ತೆತ್ತವರು ಮಾತ್ರ ಮಕ್ಕಳು.